ಹೆಂಡತಿಯ ಬ್ಯಾಕ್ಟೀರಿಯಾಗಳಿಗೆ ನಾನು ಊಟ ಹಾಕಿದ್ದು

ಸತುವಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ನಂಬಲು ಕಾರಣವೂ ಇತ್ತು. ಪುಣೆ ಹತ್ತಿರ ಚಾಕಣದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ನನ್ನ ಕೆಲಸವೇ ಅದು. ಕಬ್ಬಿಣದ ಪೈಪು, ಕಂಬ, ಬ್ರ್ಯಾಕೆಟ್ಟುಗಳನ್ನು ಕರಗಿದ ಸತುವಿನ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಾರೆ. ಲೇಪ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಿ ನಾನು ಸಹಿ ಹಾಕುತ್ತೇನೆ. ನಾನು ಸಹಿ ಹಾಕಿದ ಕಂಬಕ್ಕೆ ತುಕ್ಕು ಹಿಡಿದ ಉದಾಹರಣೆ ಇಲ್ಲ. ಹಿಡಿದಿದ್ದರೂ ನನ್ನ ತನಕ ಸುದ್ದಿ ಬಂದಿಲ್ಲ.

ಆದ್ದರಿಂದ ನನ್ನ ಹೆಂಡತಿ ವಾಸಂತಿ, ಪುಣೆಯ ಕಾಲೇಜೊಂದರಲ್ಲಿ ಹತ್ತೊಂಬತ್ತು ವರ್ಷ ಜೀವಶಾಸ್ತ್ರ ಕಲಿಸಿದವಳು, ನಲವತ್ತಮೂರನೆಯ ವಯಸ್ಸಿನಲ್ಲಿ ಪಿಎಚ್.ಡಿ. ಮಾಡುತ್ತೇನೆಂದು ಎದ್ದು ನಿಂತಾಗ ನಾನು ವಿಷಯವೇನೆಂದು ಕೇಳಿದೆ.

"ರೋಗ ತರೋ ಬ್ಯಾಕ್ಟೀರಿಯಾ ಸತುವನ್ನ ಹೆಂಗ ಗಳಸ್ತಾವ, ಹೆಂಗ ಹದದಾಗ ಇಟ್ಕೋತಾವ ಅಂತ."

ಸತು! ನಮ್ಮ ಸತು! ಬಾಗಲಕೋಟೆಯಿಂದ ಪುಣೆಗೆ ಬಂದು ಇಷ್ಟು ವರ್ಷ ಒಬ್ಬನೇ ಹೊತ್ತಿದ್ದ ಕಸುಬಿಗೆ ಮನೆಯವಳೂ ಹೆಗಲು ಕೊಟ್ಟ ಹಾಗಾಯಿತು. "ಏನರೆ ಡೌಟ್ ಬಂದ್ರ ನನ್ನ ಕೇಳು, ಸಂಕೋಚ ಮಾಡಬ್ಯಾಡ" ಎಂದೆ. ಅವಳು ನಕ್ಕಳು. ಅದನ್ನು ನಾನು ಕೃತಜ್ಞತೆಯ ನಗೆ ಎಂದು ತಿಳಿದೆ.

ಅವಳು ಮೊದಲ ದಿನ ಲ್ಯಾಬಿಗೆ ಹೊರಟಾಗ ಬರಿಗೈಯಲ್ಲಿ ಕಳಿಸಲು ಮನಸ್ಸಾಗಲಿಲ್ಲ. ಕಾರ್ಖಾನೆಯಲ್ಲಿ ಸಾಹೇಬರನ್ನು ಕೇಳಿ ಮುಷ್ಟಿಗಾತ್ರದ ಸತುವಿನ ಗಟ್ಟಿಯೊಂದನ್ನು ತಂದಿದ್ದೆ. ಅದನ್ನು ತಿಕ್ಕಿ ಬೆಳಗಿ, ಅರಿಷಿಣ ಕುಂಕುಮ ಹಚ್ಚಿ, ದೇವರ ಮುಂದಿಟ್ಟು, ಅವಳ ಕೈಗೆ ಕೊಟ್ಟೆ.

"ಟೇಬಲ್ ಮ್ಯಾಲ ಇಟ್ಕೊ. ಹಾಳಿ ಹಾರೂದಿಲ್ಲ."

"ಇದನ್ನ ಲ್ಯಾಬಿಗಿ ಒಯ್ದ್ರ ಹಾಳಿ ಅಲ್ರೀ, ನಾನ ಹಾರಿ ಹೋಗ್ತೀನಿ!" ಎಂದು ಅವಳು ಅದನ್ನು ಚೇಳು ಮುಟ್ಟಿದವಳಂತೆ ಕೆಳಗಿಟ್ಟು ಕೈ ತೊಳೆಯಲು ಓಡಿದಳು. ನನಗೆ ಬೇಸರವಾಯಿತು. ಅದು ಅವಳಿಗೆ ಗೊತ್ತಾಯಿತು. ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತಳು.

"ಸಿಟ್ಟಾಗಬ್ಯಾಡ್ರಿ, ಕೇಳ್ರಿ. ಬ್ಯಾಕ್ಟೀರಿಯಾಕ್ಕ ಬದುಕಾಕ ಸತು ಬೇಕು. ಭಾಳ ಅಲ್ಲ, ಕಣ್ಣಿಗಿ ಕಾಣದಷ್ಟು. ನಮ್ಮ ಮೈಯಾಗ ಹೊಕ್ಕಾವಂದ್ರ ಅದನ್ನ ಹುಡುಕತಾವ. ನಮ್ಮ ಮೈನೂ ಭಾಳ ಶಾಣ್ಯಾ ಅದ. ಇದ್ದ ಸತು ಎಲ್ಲಾ ಬಚ್ಚಿಟ್ಟು ಅವನ್ನ ಉಪವಾಸ ಕೆಡವತದ."

"ನಮ್ಮವ್ವ ಉಂಡಿ ಡಬ್ಬಿ ಬಚ್ಚಿಡತಿದ್ದಳಲ್ಲ, ಹಂಗ?"

"ಹಂಗ. ಆದ್ರ ನೀವೇನು ಸುಮ್ಮ ಕೂಡತಿದ್ರ್ಯಾ? ಅವೂ ಕೂಡೂದಿಲ್ಲ. ಸತು ಕಡಿಮಿ ಬಿತ್ತಂದ್ರ, ಹೊರಗಿಂದ ಎಳಕೊಳ್ಳಾಕ ಒಂದು ಪಂಪ್ ತಯಾರ ಮಾಡತಾವ. ಸಾಕಾತಂದ್ರ ಒಳಗೊಬ್ಬ ಕಾವಲುಗಾರ ಇರತಾನ, ಪಂಪ್ ಬಂದ್ ಮಾಡಸ್ತಾನ. ಹೆಚ್ಚಾತಂದ್ರ ಸತುನ ವಿಷ. ಆವಾಗ ಹೊರಗ ಚೆಲ್ಲಾಕ ಬ್ಯಾರೇ ಪಂಪ್."

ಕಣ್ಣಿಗೆ ಕಾಣದ ಜೀವಿಗೆ ಇಷ್ಟು ಶಿಸ್ತು! ನಮ್ಮ ಸೊಸೈಟಿಯ ನೀರಿನ ಟಾಕಿ ವಾರಕ್ಕೆ ಮೂರು ಸಲ ತುಂಬಿ ಹರಿಯುತ್ತದೆ, ಪಂಪು ಬಂದ್ ಮಾಡಲು ಒಬ್ಬನೂ ಇಳಿಯುವುದಿಲ್ಲ. ನನಗೆ ಬ್ಯಾಕ್ಟೀರಿಯಾಗಳ ಮೇಲೆ ಅಂದೇ ಗೌರವ ಹುಟ್ಟಿತು.

ನಾಲ್ಕು ವರ್ಷದಲ್ಲಿ ಅವಳ ಮಹಾಪ್ರಬಂಧದ ಎಲ್ಲ ಅಧ್ಯಾಯಗಳೂ ಮುಗಿದವು, ಒಂದು ಉಳಿಯಿತು. ಅದರ ಪ್ರಯೋಗ ಕೇಳಲು ಸುಲಭ. ಎಳೆದುಕೊಳ್ಳುವ ಪಂಪನ್ನು ಕಿತ್ತು ಹಾಕಿದ ಬ್ಯಾಕ್ಟೀರಿಯಾಗಳನ್ನು ಸತು ತೆಗೆದ ಗಂಜಿಯಲ್ಲಿ, ಅಂದರೆ ಅವು ಉಂಡು ಬೆಳೆಯುವ ದ್ರವದಲ್ಲಿ, ಬಿಡಬೇಕು. ಪಂಪ್ ಇದ್ದವು ಹೇಗೋ ಬೆಳೆಯಬೇಕು, ಇಲ್ಲದವು ಬೆಳೆಯಬಾರದು. ಅಷ್ಟು ತೋರಿಸಿದರೆ ಅವಳು ಡಾಕ್ಟರ್ ವಾಸಂತಿ. ಆದರೆ ಸತು ಎಲ್ಲಿಲ್ಲ ಹೇಳಿ? ನೀರಿನಲ್ಲಿದೆ, ಧೂಳಿನಲ್ಲಿದೆ, ಗಾಜಿನಲ್ಲೂ ಇದೆಯಂತೆ! ಹಾಗಾಗಿ ಅವಳು ಪ್ಲಾಸ್ಟಿಕ್ ಬಾಟಲಿಗಳನ್ನು ಆ್ಯಸಿಡ್ಡಿನಲ್ಲಿ ತೊಳೆಯುವುದು, ವಿಶೇಷ ನೀರಿನಲ್ಲಿ ಹತ್ತು ಸಲ ಜಾಲಿಸುವುದು, ದಿನವಿಡೀ ರಬ್ಬರ್ ಕೈಗವಸು ಹಾಕಿಕೊಂಡಿರುವುದು. ಅವಳ ಕೈಗಳು ಕೆಂಪಾಗಿ, ಬೆರಳಿನ ಸಂದುಗಳು ಸೀಳಿದವು. ಚಪಾತಿ ಹಿಟ್ಟು ನಾದುವಾಗ "ಸ್ಸ್" ಎನ್ನುತ್ತಿದ್ದಳು. ನನಗೆ ನೋಡಲಾಗುತ್ತಿರಲಿಲ್ಲ.

ಹೆಂಡತಿಯ ವಿಜ್ಞಾನಸೇವೆಗೆ ನಾನೂ ಟೊಂಕ ಕಟ್ಟಿದೆ. ಹಿಟ್ಟು ನಾದುವುದು ನನ್ನದಾಯಿತು. ಬಟ್ಟೆ ಒಗೆಯುವುದು ನನ್ನದಾಯಿತು. ಔಷಧಿ ಅಂಗಡಿಯವನು ಕೊಟ್ಟ ಬಿಳಿ ಮುಲಾಮೊಂದನ್ನು ತಂದು, ದಿನಾ ಬೆಳಿಗ್ಗೆ ಕಂಪನಿ ಬಸ್ಸು ಬರುವ ಮೊದಲು ಅವಳನ್ನು ಕುರ್ಚಿಯ ಮೇಲೆ ಕೂಡಿಸಿ, ಒಂದೊಂದೇ ಬೆರಳು ಹಿಡಿದು ಹಚ್ಚುತ್ತಿದ್ದೆ. ಮದುವೆಯಾಗಿ ಇಪ್ಪತ್ತು ವರ್ಷದ ಮೇಲೆ ಯಾವ ಗಂಡಹೆಂಡತಿ ಬೆಳಿಗ್ಗೆ ಎಂಟು ಗಂಟೆಗೆ ಕೈ ಕೈ ಹಿಡಿದು ಕೂಡುತ್ತಾರೆ? ನಾವು ಕೂಡುತ್ತಿದ್ದೆವು. ನನಗೆ ಆ ಹತ್ತು ನಿಮಿಷ ಬಹಳ ಇಷ್ಟವಾಗಿತ್ತು.

ಪ್ರಯೋಗ ಮಾತ್ರ ಕೆಡುತ್ತಿತ್ತು. ಪಂಪ್ ಕಿತ್ತ ಬ್ಯಾಕ್ಟೀರಿಯಾಗಳು ಉಪವಾಸ ಬೀಳುವ ಬದಲು ಮದುವೆ ಮನೆಗೆ ಬಂದ ಬೀಗರ ಹಾಗೆ ಉಂಡು ದಪ್ಪಗಾಗುತ್ತಿದ್ದವು. ಒಮ್ಮೆ ಆಯಿತು, ಎರಡನೆಯ ಸಲ ಆಯಿತು. ಮೂರನೆಯ ಸಲ ಕೆಟ್ಟ ದಿನ ವಾಸಂತಿ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಕೂತುಬಿಟ್ಟಳು.

"ಇದು ಕಡೀ ಮುದ್ದತ್ತು ರೀ. ಮಾರ್ಚ್ ಒಳಗ ಕೊಡಲಿಲ್ಲಂದ್ರ ಯೂನಿವರ್ಸಿಟಿಯವರು ಹೆಸರು ತಗೀತಾರ. ನಾಲ್ಕು ವರ್ಷ ನೀರಾಗ ಹೋಗತದ." ಅವಳ ಕಣ್ಣಲ್ಲಿ ನೀರಿತ್ತು. "ಯಾರೋ ಅವಕ್ಕ ಸತು ಉಣಸಾಕ ಹತ್ಯಾರ. ಎಲ್ಲಿಂದ ಬರತದೋ ತಿಳೀವಲ್ದು."

"ಯಾರಂವಾ!" ಎಂದು ನಾನು ತೋಳೇರಿಸಿ ಎದ್ದೆ.

ವಾಸಂತಿಯ ದೃಷ್ಟಿ ಬಾಲ್ಕನಿಯ ಹಗ್ಗದ ಮೇಲೆ ನಿಂತಿತ್ತು. ಅಲ್ಲಿ ಅವಳ ಬಿಳಿಯ ಲ್ಯಾಬ್ ಕೋಟೂ ನನ್ನ ನೀಲಿ ಯೂನಿಫಾರ್ಮೂ ತೋಳಿಗೆ ತೋಳು ತಾಗಿಸಿಕೊಂಡು ಒಣಗುತ್ತಿದ್ದವು.

"ನನ್ನ ಕೋಟು ಯಾವುದರ ಜೋಡಿ ಒಗೀತೀರಿ?"

"ನಂದರ ಜೋಡಿ. ನೀರು ಉಳೀತದಂತ."

"ಯಾವಾಗಿಂದ?"

"ದೀಪಾವಳಿಯಿಂದ" ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ದಿನವಿಡೀ ಸತುವಿನ ಹೊಗೆಯಲ್ಲಿ ನಿಂತ ಬಟ್ಟೆ ಅದು! ಅದನ್ನು ಅವಳ ಕೋಟಿನ ಜೊತೆ ನೆನೆಸಿ, ತಿರುವಿ, ಹಿಂಡಿ, ಮೇಲೆ ಇಸ್ತ್ರಿಯನ್ನೂ ಮಾಡಿ ನಾಲ್ಕು ತಿಂಗಳು ಲ್ಯಾಬಿಗೆ ಕಳಿಸಿದ್ದೆ.

ಆ ದಿನದಿಂದ ನಮ್ಮ ಮನೆಯಲ್ಲಿ ನನ್ನ ಶುದ್ಧೀಕರಣ ಆರಂಭವಾಯಿತು. ಯೂನಿಫಾರ್ಮು ಒಳಗೆ ಬರಕೂಡದು ಎಂಬ ಕಾನೂನು ನಾನೇ ಮಾಡಿದೆ. ಜಾರಿಗೆ ತಂದ ಮೊದಲ ಸಂಜೆ, ಮೂರನೆಯ ಮಹಡಿಯ ಮೆಟ್ಟಿಲ ಬಳಿ ಬನಿಯನ್-ಟವೆಲಿನಲ್ಲಿ ನಿಂತು ಪ್ಯಾಂಟನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕುತ್ತಿದ್ದೆ. ಎದುರಿನ ಮನೆಯ ಹಿರಿಯ ಮರಾಠಿ ಹೆಂಗಸು, ನಮಗೆಲ್ಲ ಕಾಕೂ, ಬಾಗಿಲು ತೆರೆದರು.

"ಅಹೋ, ಹೇ ಕಾಯ ಚಾಲ್ಲಂಯ?"

ಇದೇನು ನಡೆಸಿದ್ದೀರಿ ಎಂದು ಹಿರಿಯರು ಕೇಳಿದಾಗ ಸತ್ಯ ಹೇಳಬೇಕು. "ಬ್ಯಾಕ್ಟೀರಿಯಾನ್ನಾ ಉಪಾಶೀ ಠೇವಾಯ್ಚಂಯ, ಕಾಕೂ" ಎಂದೆ. ಬ್ಯಾಕ್ಟೀರಿಯಾಗಳಿಗೆ ಉಪವಾಸ ಮಾಡಿಸಬೇಕಾಗಿದೆ ಎಂದು.

ಕಾಕೂ ನನ್ನ ಟವೆಲನ್ನೂ ನನ್ನ ಮುಖವನ್ನೂ ನೋಡಿದರು. "ಏಕಾದಶೀ ತರ ಪರವಾಚ ಝಾಲೀ!" ಎಂದರು. ಏಕಾದಶಿ ಮೊನ್ನೆಯೇ ಆಯಿತಲ್ಲ ಎಂದು ಹೇಳಿ ಬಾಗಿಲು ಹಾಕಿಕೊಂಡರು. ಆಮೇಲೆ ಚಿಲಕ ಹಾಕಿದ ಸದ್ದೂ ಕೇಳಿತು.

ಅಷ್ಟಾದರೂ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಸ್ನಾನ ಮಾಡಿದರೂ ಕೂದಲಲ್ಲಿ ಉಳಿದಿದ್ದರೆ? ಉಗುರಲ್ಲಿ? ಮೀಸೆಯಲ್ಲಿ? ಮೀಸೆ ತೆಗೆದೆ. ಇಪ್ಪತ್ತೈದು ವರ್ಷದ ಮೀಸೆ! ಕೊನೆಗೆ ಒಂದು ರವಿವಾರ ಊಟಕ್ಕೆ ಕೂತಾಗ ನನ್ನ ಮಹಾತ್ಯಾಗವನ್ನು ಘೋಷಿಸಿದೆ.

"ವಾಸಂತಿ, ನಿನ್ನ ಪ್ರಯೋಗ ಮುಗಿಯೂ ತನಕ ನಾ ಚಾಕಣದ ಗೆಸ್ಟ್ ಹೌಸಿನ್ಯಾಗ ಇರತೀನಿ. ಮನಿಯಾಗ ಸತುನ ಇರಬಾರದು."

ಅವಳು "ಬ್ಯಾಡ್ರಿ" ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡು ಸಲ ಅಂದಳು ಕೂಡ. ಮೂರನೆಯ ಸಲ ಅನ್ನಲಿಲ್ಲ, ನನ್ನ ಚೀಲ ತುಂಬಿಕೊಟ್ಟಳು.

ಗೆಸ್ಟ್ ಹೌಸೆಂದರೆ ಕಾರ್ಖಾನೆಯ ಹಿಂದೆ ನಾಲ್ಕು ಕೋಣೆ, ಒಂದು ಬೇವಿನ ಗಿಡ. ಹಗಲು ಕೆಲಸದಲ್ಲಿ ಕಳೆಯುತ್ತಿತ್ತು. ಬೆಳಿಗ್ಗೆ ಎಂಟು ಗಂಟೆಗೆ ಮಾತ್ರ ಕೈಗೆ ಏನೂ ಕೆಲಸವಿಲ್ಲದ ಹಾಗಾಗುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಫೋನು ಮಾಡಿ, "ಮುಲಾಮು ಹಚ್ಚಿಕೊಂಡ್ಯಾ?" ಎಂದು ಕೇಳುತ್ತಿದ್ದೆ. ಐದನೆಯ ದಿನ ಟ್ಯೂಬು ಮುಗಿಯಿತೆಂದಳು. ನಾನಿರುವಾಗ ಅವಳಿಗೆ ಮುಲಾಮಿನ ಕೊರತೆಯೇ! ಚಾಕಣದ ಪೇಟೆಯಲ್ಲಿ ದೊಡ್ಡ ಟ್ಯೂಬು ಮೂರು ಕೊಂಡೆ. ದಿನಾ ಪುಣೆಯಿಂದ ಓಡಾಡುವ ಸಹೋದ್ಯೋಗಿ ಕದಮ್ ಅವರ ಕೈಯಲ್ಲಿ ಎರಡನ್ನು ಕಳಿಸಿದೆ. ಬಿಸಿಲಿಗೆ ಕುತ್ತಿಗೆ ಉರಿಯುತ್ತಿದ್ದುದರಿಂದ ಒಂದನ್ನು ನಾನಿಟ್ಟುಕೊಂಡೆ.

"ವಹಿನೀಂಚ್ಯಾ ಡೋಳ್ಯಾತ ಪಾಣೀ ಆಲಂ" ಎಂದರು ಕದಮ್, ಮರುದಿನ. ಅತ್ತಿಗೆಯವರ ಕಣ್ಣಲ್ಲಿ ನೀರು ಬಂತಂತೆ. ಅವಳು ಫೋನಿನಲ್ಲಿ, "ನೀವು ಕಳಸಿದ್ರೆಂತ ಈಗ ದಿನಾ ಎರಡು ಸಲ ಹಚ್ಚಿಕೋತೀನ್ರಿ" ಎಂದಳು.

ಹನ್ನೊಂದನೆಯ ದಿನ ಮಧ್ಯಾಹ್ನ ಮತ್ತೆ ಫೋನು ಬಂತು.

"ಮತ್ತ ಬೆಳದಾವ್ರಿ" ಎಂದಳು. ಅಳು ಇರಲಿಲ್ಲ, ಅದರಿಂದಲೇ ಹೆದರಿಕೆಯಾಯಿತು. "ಮದಲಿನಕಿಂತ ಜೋರು ಬೆಳದಾವ."

ನಿಜ ಹೇಳುತ್ತೇನೆ, ಮೊದಲ ಕ್ಷಣ ನನಗೆ ಸಂತೋಷವೇ ಆಯಿತು. ನಾನಲ್ಲ! ನಾನಿಲ್ಲದೆಯೂ ಅವು ಬೆಳೆದಿವೆ! ಎರಡನೆಯ ಕ್ಷಣಕ್ಕೆ ನಾಚಿಕೆಯಾಯಿತು. ಗಂಜಿಯಿಂದ ಸತು ಹೀರುವ ಔಷಧಿ ಇನ್ನೊಂದೇ ಸಲಕ್ಕೆ ಆಗುವಷ್ಟು ಉಳಿದಿದೆ, ಹೊಸದು ತರಿಸಿದರೆ ಬರುವಷ್ಟರಲ್ಲಿ ಮಾರ್ಚ್ ಮುಗಿಯುತ್ತದೆ, ಮುಂದಿನ ಸೋಮವಾರ ಹನ್ನೊಂದು ಗಂಟೆಗೆ ಕೊನೆಯ ಪ್ರಯೋಗ, ಎಂದು ಅವಳು ಒಂದೇ ಉಸಿರಿನಲ್ಲಿ ಹೇಳಿದಳು. "ಆಮ್ಯಾಲ ಕಾಲೇಜಿಗೆ ಹೋಗಿ ಮತ್ತ ಹನ್ನೆರಡನೇ ಕ್ಲಾಸಿನ ಹುಡುಗೂರಿಗೆ ಕಪ್ಪೆ ಚಿತ್ರ ತಗಸ್ತೀನಿ" ಎಂದು ನಕ್ಕಳು. ಆ ನಗೆ ನನಗೆ ಸಹಿಸಲಾಗಲಿಲ್ಲ.

ಸೋಮವಾರ ಬೆಳಿಗ್ಗೆ ಯೂನಿಫಾರ್ಮು ಹಾಕಿಕೊಂಡು, ಕುತ್ತಿಗೆಗೆ ಮುಲಾಮು ಹಚ್ಚಿಕೊಳ್ಳುತ್ತ ಬೇವಿನ ಗಿಡದ ಕೆಳಗೆ ನಿಂತಿದ್ದೆ. ಆ ದಿನ ಪೇಪರು ಬಂದಿರಲಿಲ್ಲ. ಓದುವ ಚಟ ಬಿಡದು. ಟ್ಯೂಬನ್ನೇ ಓದಿದೆ. ಬೆಲೆ ಓದಿದೆ, ಮುಗಿಯುವ ತಾರೀಖು ಓದಿದೆ, ಇರುವೆ ಸಾಲಿನಂಥ ಅಕ್ಷರಗಳಿಗೆ ಬಂದೆ. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಓದಿದೆ.

ಝಿಂಕ್ ಆಕ್ಸೈಡ್.

ನಮ್ಮ ತೊಟ್ಟಿಯ ಮೇಲೆ ಏಳುವ ಬಿಳಿ ಹೊಗೆ ಇದೆಯಲ್ಲ, ಅದೇ ಇದು! "ಮಾಸ್ಕ್ ಹಾಕಿಕೊಳ್ಳಿ, ಮಾಸ್ಕ್ ಹಾಕಿಕೊಳ್ಳಿ" ಎಂದು ಇಪ್ಪತ್ತೆರಡು ವರ್ಷ ಯಾವುದರ ಹೆಸರು ಹೇಳಿ ಜನರ ಮೇಲೆ ರೇಗಿದ್ದೆನೋ, ಅದನ್ನೇ ಟ್ಯೂಬಿನಲ್ಲಿ ಕೊಂಡು ತಂದು, ಹೆಂಡತಿಯ ಬೆರಳು ಬೆರಳಿಗೂ ಹಚ್ಚಿ, ಪ್ರೀತಿಯಿಂದ ಲ್ಯಾಬಿಗೆ ಕಳಿಸಿದ್ದೆ. ದೂರ ಹೋದ ಮೇಲೆ ಎರಡು ಪಟ್ಟು ಮಾಡಿ ಪಾರ್ಸೆಲ್ಲೂ ಕಳಿಸಿದ್ದೆ. ಅವಳು ಮುಲಾಮಿನ ಕೈಯಿಂದಲೇ ಕೈಗವಸು ಎಳೆದು ಹಾಕಿಕೊಳ್ಳುತ್ತಾಳೆ. ಅದರ ಹೊರಗೂ ಅಂಟುತ್ತದೆ, ಅಲ್ಲಿಂದ ಬಾಟಲಿಯ ಬಾಯಿಗೆ. ಬ್ಯಾಕ್ಟೀರಿಯಾಗಳು ಪಂಪಿಲ್ಲದೆಯೂ ಏಕೆ ದಪ್ಪಗಾಗುತ್ತಿದ್ದವು ಎಂದು ಈಗ ನನಗೆ ತಿಳಿಯಿತು.

ಫೋನು ಮಾಡಿದೆ. ಎತ್ತಲಿಲ್ಲ. ಕೊನೆಯ ಪ್ರಯೋಗದ ದಿನ ಧೂಳು ಬೇಡವೆಂದು ಫೋನನ್ನು ಲಾಕರಿನಲ್ಲಿ ಇಡುತ್ತೇನೆಂದು ಹೇಳಿದ್ದಳು. ಗಂಟೆ ಒಂಬತ್ತು. ಸಾಹೇಬರಿಗೆ "ಮನೆಯಲ್ಲಿ ತುರ್ತು" ಎಂದಷ್ಟೇ ಹೇಳಿ ಸಿಕ್ಕ ಬಸ್ಸು ಹತ್ತಿದೆ. ಮೋಶಿಯಲ್ಲಿ ಲಾರಿಗಳ ಸಾಲು, ಭೋಸರಿಯಲ್ಲಿ ಬಸ್ಸೇ ನಿಂತಿತು. ಇಳಿದು ರಿಕ್ಷಾ ಹಿಡಿದೆ. ದಾರಿಯುದ್ದಕ್ಕೂ ಆ ಬಾಟಲಿಯ ಮುಚ್ಚಳ ತೆರೆಯುವ ಅವಳ ಕೈಯೇ ಕಣ್ಣ ಮುಂದೆ. ಲ್ಯಾಬಿನ ಗೇಟಿಗೆ ಬಂದಾಗ ಹನ್ನೊಂದಕ್ಕೆ ಎಂಟು ನಿಮಿಷ. ಒಳಗೆ ನುಗ್ಗಲು ಒಂದು ಕಾಲಿಟ್ಟವನು ಹಾಗೇ ನಿಂತೆ. ಮೈಮೇಲೆ ಯೂನಿಫಾರ್ಮು! ತಲೆಯಿಂದ ಪಾದದವರೆಗೆ ನಾನು ಸತು.

"ಕೋಣಾಲಾ ಭೇಟಾಯ್ಚಂಯ?" ಯಾರನ್ನು ಕಾಣಬೇಕು ಎಂದು ವಾಚ್‌ಮನ್ ಕೇಳಿದ.

ಕಾಣಬೇಕಾಗಿಲ್ಲ, ವಾಸಂತಿ ಮೇಡಂಗೆ ಕೈ ತೊಳೆಯಲು ಮಾತ್ರ ಹೇಳಿ ಎಂದು ಮರಾಠಿಯಲ್ಲಿ ಕೈಮುಗಿದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅದೇನು ಕರುಣೆ ಬಂತೋ, ಒಳಗಿನ ಫೋನು ಎತ್ತಿದ.

"ಮ್ಯಾಡಮ್, ತುಮ್ಚೇ ಮಿಸ್ಟರ್ ಆಲೇತ. ಹಾತ ಧುವಾ ಮ್ಹಣತಾತ." ನಿಮ್ಮ ಯಜಮಾನರು ಬಂದಿದ್ದಾರೆ, ಕೈ ತೊಳೆಯಿರಿ ಎನ್ನುತ್ತಾರೆ.

ಎರಡು ನಿಮಿಷಕ್ಕೆ ವಾಸಂತಿ ಹೊರಬಂದಳು, ಕೈಗವಸು ಹಾಕಿದ ಎರಡೂ ಕೈ ಮೇಲೆತ್ತಿಕೊಂಡು. ನಾನು ಗೇಟಿನ ಹೊರಗಿನಿಂದ ಟ್ಯೂಬನ್ನು ಎತ್ತಿ ತೋರಿಸಿದೆ.

"ಮುಚ್ಚಳ ತಗದ್ಯಾ?"

"ಇನ್ನೂ ಇಲ್ಲ. ಏನಾತ್ರಿ? ಯಾಕ ಬಂದ್ರಿ?"

"ಇದರಾಗ ಸತು ಅದ ವಾಸಂತಿ! ನಾನ ಹಚ್ಚೀನಿ. ನಾಲ್ಕು ತಿಂಗಳು ನಾನ ಹಚ್ಚೀನಿ!"

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತೆ. ಬೈದರೆ ಬೈಯಲಿ, ಅವಳಿಗೆ ಆ ಹಕ್ಕಿದೆ ಎಂದುಕೊಂಡೆ. ಅವಳು ನಗುತ್ತಿದ್ದಳು, ನಗುತ್ತ ನಗುತ್ತ ಕಣ್ಣೊರೆಸಲು ಕೈ ಎತ್ತಿ, ಕೈಗವಸಿನ ನೆನಪಾಗಿ ಭುಜದಿಂದ ಒರೆಸಿಕೊಂಡಳು.

"ನೀವು ಓದಲಿಲ್ಲ ಸರಿ. ನಾ ನಾಲ್ಕು ವರ್ಷ ಸತುವಿನ ಮ್ಯಾಲ ಸಂಶೋಧನಾ ಮಾಡಾಕಿ, ನಾನೂ ಓದಲಿಲ್ಲಲ್ರಿ!"

"ನೀ ಯಾಕ ಓದಲಿಲ್ಲ?"

"ನೀವು ಕೈ ಹಿಡಕೊಂಡಿರತಿದ್ರಿ. ಟ್ಯೂಬ್ ಯಾರು ನೋಡತಾರ?"

ವಾಚ್‌ಮನ್‌ಗೆ ಕನ್ನಡ ಬಾರದು. ಆದರೂ ಅವನು ಮುಖ ಆ ಕಡೆ ತಿರುಗಿಸಿದ.

ಆ ದಿನ ಅವಳು ಪ್ರಯೋಗ ಮಾಡಲಿಲ್ಲ. ನಾನು ಚಾಕಣಕ್ಕೆ ವಾಪಸಾದೆ. ಅವಳು ಕೈ ತೊಳೆದು, ಕೋಟು ಬದಲಿಸಿ, ಕೈಗವಸುಗಳ ಹೊಸ ಡಬ್ಬಿ ಒಡೆದು, ಮುಲಾಮು ತಾಗಿರಬಹುದಾದ ಪೆನ್ನು, ಬಾಗಿಲಿನ ಹಿಡಿ, ಕುರ್ಚಿಯ ಕೈಗಳನ್ನೆಲ್ಲ ಎರಡು ದಿನ ಒರೆಸಿದಳು. ಗುರುವಾರ ಕೊನೆಯ ಗಂಜಿಯಲ್ಲಿ ಬ್ಯಾಕ್ಟೀರಿಯಾಗಳನ್ನು ಬಿಟ್ಟಳು. ಶನಿವಾರ ಮಧ್ಯಾಹ್ನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ನನ್ನ ಫೋನು ಹೊಡೆದುಕೊಂಡಿತು.

"ಬೆಳೀಲಿಲ್ರಿ!" ಎಂದು ಕಿರುಚಿದಳು. "ನೀರಿನಾಂಗ ತಿಳಿ ಅದ! ಪಂಪ್ ಕಿತ್ತವು ಚೂರು ಸತು ಹಾಕಿದ ಬಾಟಲಿಯಾಗ ಮಾತ್ರ ಬೆಳದಾವ. ಮುಗೀತ್ರಿ, ಮನಿಗಿ ಬರ್ರಿ!"

ನಾನು ಕ್ಯಾಂಟೀನಿನಲ್ಲೇ ಗಳಗಳನೆ ಅತ್ತೆ. ಏನೂ ಬೆಳೆಯಲಿಲ್ಲ ಎಂಬ ಸುದ್ದಿಗೆ ಹೀಗೆ ಆನಂದಪಟ್ಟ ಗೃಹಸ್ಥ ಇನ್ನೊಬ್ಬನಿಲ್ಲ. ಕದಮ್ ತಮ್ಮ ಪಾಲಿನ ಜಿಲೇಬಿಯನ್ನೂ ನನ್ನ ತಟ್ಟೆಗೆ ಹಾಕಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಮೌಖಿಕ ಪರೀಕ್ಷೆ ಬಂತು. ಯಾರು ಬೇಕಾದರೂ ಬಂದು ಕೂತು ಕೇಳಬಹುದು. ನಾನು ಬೆಳಿಗ್ಗೆ ಮೂರು ಸಲ ಸ್ನಾನ ಮಾಡಿ, ಹೊಸ ಬಿಳಿ ಅಂಗಿ ಹಾಕಿಕೊಂಡು, ಹೆಂಡತಿಯ ಅಪ್ಪಣೆಯಂತೆ ಕೊನೆಯ ಸಾಲಿನಲ್ಲಿ ಕೂತೆ. ಹೊರಗಿನ ಊರಿನಿಂದ ಬಂದ ಪರೀಕ್ಷಕರು ಬೆಳ್ಳಗಿನ ಗಡ್ಡದ, ನಗು ಎಂಬುದನ್ನು ಬಹಳ ಹಿಂದೆಯೇ ಬಿಟ್ಟಂತೆ ಕಾಣುವ ಮನುಷ್ಯ. ಒಂದೂವರೆ ಗಂಟೆ ಇಂಗ್ಲಿಷಿನಲ್ಲಿ ಅವಳನ್ನು ಅರೆದರು. ವಾಸಂತಿ ಒಂದಕ್ಕೂ ತಡವರಿಸಲಿಲ್ಲ. ನನಗೆ ಅರ್ಥವಾದದ್ದು ಕಡಿಮೆ, ಆದರೂ ಪ್ರತಿ ಉತ್ತರಕ್ಕೂ ನಾನು ತಲೆಯಾಡಿಸುತ್ತಿದ್ದೆ. ಕೊನೆಗೆ ಅವರು ಪುಟ ತಿರುವಿ ನಿಂತರು.

"ಮೊದಲ ನಾಲ್ಕು ಪ್ರಯೋಗಗಳು ಹೊರಗಿನ ಸತು ಸೇರಿ ಕೆಟ್ಟವು ಎಂದು ಬರೆದಿದ್ದೀರಿ. ಆ ಸತು ಎಲ್ಲಿಂದ ಬಂತು, ಪತ್ತೆಯಾಯಿತೇ?"

"ಆಯಿತು ಸರ್. ಕೊನೆಯ ಸಾಲಿನಲ್ಲಿ ಕೂತಿದ್ದಾರೆ."

ಸಭೆಯೆಲ್ಲ ಹಿಂದೆ ತಿರುಗಿತು. ಇನ್ನೇನು ಮಾಡುವುದು, ಎದ್ದು ನಿಂತು ನಮಸ್ಕಾರ ಮಾಡಿದೆ.

"ಆ ಮೂಲವನ್ನು ಪೂರ್ತಿ ತೆಗೆದುಹಾಕಿದಿರಾ?"

ಆ ದಿನ ವಾಸಂತಿ ಉತ್ತರಕ್ಕೆ ತಡಮಾಡಿದ್ದು ಇದೊಂದಕ್ಕೇ. "ಪೂರ್ತಿ ತೆಗೆದು ನೋಡಿದೆ ಸರ್, ಒಂದಿಪ್ಪತ್ತು ದಿನ" ಎಂದಳು. "ಕೊನೆಗೆ ಬ್ಯಾಕ್ಟೀರಿಯಾ ಬೆಳೆಯುವುದು ನಿಂತಿತು. ಆದರೆ ನನಗೂ ಊಟ ಸೇರುತ್ತಿರಲಿಲ್ಲ. ಹಾಗಾಗಿ ಈಗ ಅಳತೆಯಲ್ಲಿ ಇಟ್ಟುಕೊಂಡಿದ್ದೇನೆ."

ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. ನನಗೆ ಮುಂದಿನದು ಕಾಣಿಸಲಿಲ್ಲ, ಕಣ್ಣು ತುಂಬಿತ್ತು. ಇಷ್ಟು ಜನ ವಿದ್ವಾಂಸರ ನಡುವೆ ನನ್ನ ಹೆಂಡತಿ ನನ್ನನ್ನು ಬೇಕಾದವನೆಂದು ಸಾರಿದ್ದಳು! ಎದೆ ಉಬ್ಬಿಸಿಕೊಂಡು ಸಾಲುಗಳನ್ನು ದಾಟಿ ನೇರ ವೇದಿಕೆಯ ಬಳಿ ಹೋದೆ. "ನಾನೇ ಸರ್" ಎಂದು ಪರೀಕ್ಷಕರ ಮುಂದೆ ಕೈ ಚಾಚಿದೆ.

ಅವರು ನನ್ನ ಕೈಯನ್ನು ಒಮ್ಮೆ ನೋಡಿದರು. ನಾಳೆ ಊರಿಗೆ ಹೋದರೆ ಅವರಿಗೂ ಲ್ಯಾಬು ಇತ್ತಲ್ಲ. ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, "ಅಭಿನಂದನೆಗಳು" ಎಂದರು.